ಫಿರೋಜ್ ಗಾಂಧಿ

ಫಿರೋಜ್ ಗಾಂಧಿ (೧೨ ಸೆಪ್ಟೆಂಬರ್ ೧೯೧೨ – ೮ ಸೆಪ್ಟೆಂಬರ್ ೧೯೬೦) ಭಾರತದ ಸ್ವಾತಂತ್ರ್ಯ ಹೋರಾಟಗಾರರು, ಪತ್ರಿಕಾ ಸಂಸ್ಥೆಯ ನಿರ್ವಾಹಕರು ಮತ್ತು ಮೊದಲ ಎರಡು ಲೋಕಸಭೆಗಳ ಸದಸ್ಯರು. ಉತ್ತರ ಪ್ರದೇಶದ ರಾಯ್‌ಬರೇಲಿಯಿಂದ ಕಾಂಗ್ರೆಸ್ ಪಕ್ಷದ ಅಭ್ಯರ್ಥಿಯಾಗಿ ಆಯ್ಕೆಯಾದ ಇವರು, ಆಡಳಿತ ಪಕ್ಷದ ಆಸನದಲ್ಲಿಯೇ ಕುಳಿತು ತಮ್ಮದೇ ಪಕ್ಷದ ಸರ್ಕಾರವನ್ನು ಸದನದಲ್ಲಿ ಪ್ರಶ್ನಿಸಿದರು. ಪ್ರಧಾನಮಂತ್ರಿ ಜವಾಹರಲಾಲ್ ನೆಹರು ಅವರ ಅಳಿಯ, ಇಂದಿರಾ ಗಾಂಧಿಯವರ ಪತಿ ಮತ್ತು ರಾಜೀವ್ ಗಾಂಧಿಯವರ ತಂದೆ ಎಂಬ ಸಂಬಂಧಗಳಿಂದಲೇ ಇಂದು ಇವರನ್ನು ಹೆಚ್ಚಾಗಿ ಗುರುತಿಸಲಾಗುತ್ತದೆ. ಆದರೆ ಸಂಸದೀಯ ಇತಿಹಾಸದಲ್ಲಿ ಇವರಿಗೆ ಸ್ಥಾನ ದೊರೆತಿರುವುದು ಬೇರೆ ಮೂರು ಕಾರಣಗಳಿಗಾಗಿ. ಖಾಸಗಿ ವಿಮಾ ಕಂಪನಿಗಳ ಅವ್ಯವಹಾರವನ್ನು ೧೯೫೫ರಲ್ಲಿ ಬಯಲಿಗೆಳೆದದ್ದು, ಸಂಸತ್ತಿನ ಕಲಾಪಗಳ ವರದಿಗೆ ರಕ್ಷಣೆ ನೀಡುವ ಕಾಯಿದೆಯನ್ನು ೧೯೫೬ರಲ್ಲಿ ತಂದದ್ದು ಮತ್ತು ಹಣಕಾಸು ಮಂತ್ರಿಯ ರಾಜೀನಾಮೆಯಲ್ಲಿ ಕೊನೆಗೊಂಡ ಮುಂಧ್ರಾ ಪ್ರಕರಣವನ್ನು ೧೯೫೭ರಲ್ಲಿ ಸದನದ ಮುಂದಿಟ್ಟದ್ದು.

ಜನನ ಮತ್ತು ವಿದ್ಯಾಭ್ಯಾಸ

ಫಿರೋಜ್ ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಜಹಾಂಗೀರ್ ಫರೇದೂನ್ ಹಡಗು ಎಂಜಿನಿಯರ್, ತಾಯಿ ರತಿಮಾಯಿ. ಕುಟುಂಬದ ಮೂಲ ದಕ್ಷಿಣ ಗುಜರಾತಿನ ಭರೂಚ್. ಐವರು ಮಕ್ಕಳಲ್ಲಿ ಫಿರೋಜ್ ಕಿರಿಯರು. ತಂದೆಯ ಮರಣಾನಂತರ ತಾಯಿಯೊಡನೆ ಅಲಹಾಬಾದಿಗೆ ಬಂದು, ಅಲ್ಲಿನ ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯೆಯಾಗಿದ್ದ ಬಂಧು ಶಿರೀನ್ ಕಮಿಸ್ಸಾರಿಯಟ್ ಅವರ ಆಶ್ರಯದಲ್ಲಿ ಬೆಳೆದರು. ವಿದ್ಯಾಮಂದಿರ ಪ್ರೌಢಶಾಲೆಯಲ್ಲಿ ಓದಿ, ಮುಂದೆ ಯೂಯಿಂಗ್ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು.

ಇವರ ಮನೆತನದ ಹೆಸರು ಪಾರ್ಸಿಗಳಲ್ಲಿ ಮೊದಲಿನಿಂದಲೂ ಬಳಕೆಯಲ್ಲಿದ್ದದ್ದು. ಸ್ವಾತಂತ್ರ್ಯ ಚಳವಳಿಗೆ ಬಂದ ಮೇಲೆ ಇಂಗ್ಲಿಷಿನಲ್ಲಿ ಅದನ್ನು ಬರೆಯುವ ರೀತಿಯನ್ನು ಮಾತ್ರ ಮಹಾತ್ಮ ಗಾಂಧಿಯವರ ಹೆಸರಿನಂತೆ ಬದಲಿಸಿಕೊಂಡರು. ಮಹಾತ್ಮರಿಗೂ ಇವರಿಗೂ ರಕ್ತಸಂಬಂಧವಾಗಲಿ ದತ್ತು ಸಂಬಂಧವಾಗಲಿ ಇರಲಿಲ್ಲ. ಈ ವಿಷಯದಲ್ಲಿ ಹಲವು ಕಟ್ಟುಕಥೆಗಳು ಇಂದಿಗೂ ಹರಿದಾಡುತ್ತಿರುವುದರಿಂದ ಇದನ್ನು ಸ್ಪಷ್ಟಪಡಿಸಬೇಕಾಗಿದೆ.

ಸ್ವಾತಂತ್ರ್ಯ ಚಳವಳಿಯಲ್ಲಿ

೧೯೩೦ರಲ್ಲಿ ಕಮಲಾ ನೆಹರು ಅವರ ಮುಂದಾಳತ್ವದಲ್ಲಿ ಮಹಿಳೆಯರು ಯೂಯಿಂಗ್ ಕ್ರಿಶ್ಚಿಯನ್ ಕಾಲೇಜಿನ ಎದುರು ಪಿಕೆಟಿಂಗ್ ನಡೆಸುತ್ತಿದ್ದಾಗ, ಬಿಸಿಲಿನ ತಾಪಕ್ಕೆ ಕಮಲಾ ಮೂರ್ಛೆ ಹೋದರು. ಅವರ ಉಪಚಾರಕ್ಕೆ ಧಾವಿಸಿದವರಲ್ಲಿ ವಿದ್ಯಾರ್ಥಿ ಫಿರೋಜ್ ಒಬ್ಬರು. ಈ ಘಟನೆಯ ಬೆನ್ನಲ್ಲೇ ಅವರು ಓದನ್ನು ಬಿಟ್ಟು ಚಳವಳಿಗೆ ಧುಮುಕಿದರು. ಅದೇ ವರ್ಷ ಬಂಧನಕ್ಕೊಳಗಾಗಿ ಫೈಜಾಬಾದ್ ಜೈಲಿನಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೊಡನೆ ಸೆರೆವಾಸ ಅನುಭವಿಸಿದರು. ಸಂಯುಕ್ತ ಪ್ರಾಂತ್ಯದ ರೈತರ ಕರನಿರಾಕರಣೆ ಚಳವಳಿಯಲ್ಲಿ ಪಾಲ್ಗೊಂಡು ೧೯೩೨ ಮತ್ತು ೧೯೩೩ರಲ್ಲಿ ಪುನಃ ಜೈಲು ಸೇರಿದರು.

ಕ್ಷಯರೋಗಕ್ಕೆ ತುತ್ತಾಗಿದ್ದ ಕಮಲಾ ನೆಹರು ಅವರ ಶುಶ್ರೂಷೆಯಲ್ಲಿ ಫಿರೋಜ್ ನಿಷ್ಠೆಯಿಂದ ತೊಡಗಿಸಿಕೊಂಡರು. ೧೯೩೬ರ ಫೆಬ್ರವರಿ ೨೮ರಂದು ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕಮಲಾ ಕೊನೆಯುಸಿರೆಳೆದಾಗಲೂ ಹತ್ತಿರದಲ್ಲಿದ್ದರು. ಆ ವೇಳೆಗೆ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಬೆಳೆದ ಸ್ನೇಹ ೧೯೪೨ರ ಮಾರ್ಚ್ ೨೬ರಂದು ಅಲಹಾಬಾದಿನ ಆನಂದಭವನದಲ್ಲಿ ಇಂದಿರಾ ಅವರೊಡನೆ ವಿವಾಹದಲ್ಲಿ ಪರ್ಯವಸಾನವಾಯಿತು. ನೆಹರು ಅವರಿಗೆ ಈ ವಿವಾಹ ಮೊದಲಿಗೆ ಒಪ್ಪಿಗೆಯಾಗಿರಲಿಲ್ಲ. ಕೆಲವೇ ತಿಂಗಳುಗಳಲ್ಲಿ ಕ್ವಿಟ್ ಇಂಡಿಯಾ ಚಳವಳಿ ಆರಂಭವಾಗಿ ದಂಪತಿಗಳಿಬ್ಬರೂ ಬಂಧಿತರಾದರು; ಫಿರೋಜ್ ನೈನಿ ಜೈಲಿನಲ್ಲಿ ಒಂದು ವರ್ಷ ಕಳೆದರು. ೧೯೪೪ರಲ್ಲಿ ರಾಜೀವ್, ೧೯೪೬ರಲ್ಲಿ ಸಂಜಯ್ ಜನಿಸಿದರು.

೧೯೪೬ರಲ್ಲಿ ಫಿರೋಜ್ ಲಖನೌದ ನ್ಯಾಷನಲ್ ಹೆರಾಲ್ಡ್ ಪತ್ರಿಕೆಯ ವ್ಯವಸ್ಥಾಪಕ ನಿರ್ದೇಶಕರಾದರು. ಸುದ್ದಿ ಹೇಗೆ ಹುಟ್ಟುತ್ತದೆ, ಮಾನನಷ್ಟ ಮೊಕದ್ದಮೆಯ ಅಂಜಿಕೆಯಿಂದ ಯಾವ ಸುದ್ದಿ ಅಚ್ಚಾಗದೆ ಉಳಿಯುತ್ತದೆ ಎಂಬುದರ ನೇರ ಪರಿಚಯ ಅವರಿಗೆ ಆದದ್ದು ಇಲ್ಲಿಯೇ ಇರಬೇಕು. ಮುಂದೆ ಅವರು ತಂದ ಮಸೂದೆಯನ್ನು ಗಮನಿಸಿದರೆ ಹಾಗೆನಿಸುತ್ತದೆ.

ಸಂಸತ್ತಿನಲ್ಲಿ

೧೯೫೦ರಿಂದ ೧೯೫೨ರವರೆಗೆ ತಾತ್ಕಾಲಿಕ ಸಂಸತ್ತಿನ ಸದಸ್ಯರಾಗಿದ್ದ ಫಿರೋಜ್, ೧೯೫೨ರ ಮೊದಲ ಮಹಾಚುನಾವಣೆಯಲ್ಲಿ ರಾಯ್‌ಬರೇಲಿ ಭಾಗದಿಂದ ಲೋಕಸಭೆಗೆ ಆಯ್ಕೆಯಾದರು. ಮೊದಲ ಮೂರು ವರ್ಷ ಅವರು ಸದನದಲ್ಲಿ ಬಹುಮಟ್ಟಿಗೆ ಮೌನವಾಗಿಯೇ ಇದ್ದರು. ಪ್ರಧಾನಿಯ ಅಳಿಯನೆಂಬ ಸಂಕೋಚ ಇದಕ್ಕೆ ಕಾರಣವೆಂದು ಕೆಲವರು ಭಾವಿಸಿದರೆ, ಸಿದ್ಧತೆಯಿಲ್ಲದೆ ಮಾತನಾಡಬಾರದೆಂಬ ಸ್ವಭಾವವೇ ಕಾರಣವೆಂದು ಇನ್ನು ಕೆಲವರು ಹೇಳುತ್ತಾರೆ. ಇಂದಿರಾ ಅವರು ತಂದೆಯ ಆತಿಥ್ಯದ ಹೊಣೆ ಹೊತ್ತು ಮಕ್ಕಳೊಡನೆ ಪ್ರಧಾನಿಯ ನಿವಾಸವಾದ ತೀನ್ ಮೂರ್ತಿ ಭವನದಲ್ಲಿದ್ದರು. ಫಿರೋಜ್ ಸಂಸದರಿಗೆ ನೀಡುವ ಪ್ರತ್ಯೇಕ ಮನೆಯಲ್ಲಿ ವಾಸಿಸತೊಡಗಿದರು. ಅಲ್ಲಿ ಬಿಡುವಿನ ವೇಳೆ ಗುಲಾಬಿ ತೋಟ ಮತ್ತು ಮರಗೆಲಸದಲ್ಲಿ ಕಳೆಯುತ್ತಿತ್ತು.

ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ಅವರು ಕೂರುತ್ತಿದ್ದ ಮೂಲೆಗೆ ಫಿರೋಜರ ಮೂಲೆ ಎಂಬ ಹೆಸರೇ ಬಂದಿತ್ತು. ಪಕ್ಷಭೇದವಿಲ್ಲದೆ ಸದಸ್ಯರೂ ಪತ್ರಕರ್ತರೂ ಅಲ್ಲಿ ಸೇರುತ್ತಿದ್ದರು. ಕಂಪನಿಗಳ ವಾರ್ಷಿಕ ಲೆಕ್ಕಪತ್ರ, ಷೇರುಪೇಟೆಯ ದರಪಟ್ಟಿ, ಸರ್ಕಾರದ ಹಳೆಯ ಉತ್ತರಗಳು, ಇವುಗಳನ್ನು ತಾಳ್ಮೆಯಿಂದ ಹೋಲಿಸಿ ನೋಡುವುದು ಅವರ ಕೆಲಸದ ಕ್ರಮ. ಸದನದಲ್ಲಿ ಅವರ ಮಾತು ಅಬ್ಬರದ್ದಾಗಿರಲಿಲ್ಲ. ಅಂಕಿಯ ಮೇಲೆ ಅಂಕಿಯನ್ನು ಇಟ್ಟು, ಉತ್ತರಿಸಬೇಕಾದವರಿಗೆ ಜಾರಿಕೊಳ್ಳಲು ಅವಕಾಶವಿಲ್ಲದಂತೆ ಪ್ರಶ್ನೆಯನ್ನು ಕಟ್ಟುತ್ತಿದ್ದರು.

ವಿಮಾ ಕಂಪನಿಗಳ ಅವ್ಯವಹಾರ

೧೯೫೫ರ ಡಿಸೆಂಬರ್‌ನಲ್ಲಿ ವಿಮಾ ತಿದ್ದುಪಡಿ ಮಸೂದೆಯ ಚರ್ಚೆಯಲ್ಲಿ ಫಿರೋಜ್ ಮಾಡಿದ ಭಾಷಣ ಸದನವನ್ನು ಬೆಚ್ಚಿಬೀಳಿಸಿತು. ಉದ್ಯಮಿ ರಾಮಕೃಷ್ಣ ದಾಲ್ಮಿಯಾ ಅವರ ಹಿಡಿತದಲ್ಲಿದ್ದ ಭಾರತ್ ಇನ್ಶೂರೆನ್ಸ್ ಕಂಪನಿಯ ನಿಧಿ, ಅಂದರೆ ಪಾಲಿಸಿದಾರರು ಕಟ್ಟಿದ ಕಂತಿನ ಹಣ, ಮಾಲೀಕರ ಇತರ ಕಂಪನಿಗಳಿಗೂ ಸಟ್ಟಾ ವ್ಯಾಪಾರಕ್ಕೂ ಹೇಗೆ ಹರಿದುಹೋಗುತ್ತಿತ್ತು ಎಂಬುದನ್ನು ಅವರು ವಿವರವಾಗಿ ತೋರಿಸಿದರು. ದಾಲ್ಮಿಯಾ ಆ ಕಾಲದ ಅತಿ ದೊಡ್ಡ ಉದ್ಯಮಿಗಳಲ್ಲಿ ಒಬ್ಬರು. ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯನ್ನು ಹೊಂದಿದ್ದವರು. ಮುಂದೆ ಅವರ ಮೇಲೆ ಮೊಕದ್ದಮೆ ನಡೆದು ಸೆರೆವಾಸದ ಶಿಕ್ಷೆಯಾಯಿತು. ದಾಲ್ಮಿಯಾ-ಜೈನ್ ಕಂಪನಿಗಳ ವ್ಯವಹಾರವನ್ನು ಪರಿಶೀಲಿಸಲು ಸರ್ಕಾರ ವಿಚಾರಣಾ ಆಯೋಗವನ್ನೂ ನೇಮಿಸಿತು.

ಇದಾದ ಒಂದೂವರೆ ತಿಂಗಳೊಳಗೆ, ೧೯೫೬ರ ಜನವರಿ ೧೯ರಂದು, ಹಣಕಾಸು ಮಂತ್ರಿ ಸಿ. ಡಿ. ದೇಶಮುಖ್ ಅವರು ಜೀವವಿಮೆಯ ರಾಷ್ಟ್ರೀಕರಣವನ್ನು ಪ್ರಕಟಿಸಿದರು. ಸುಗ್ರೀವಾಜ್ಞೆಯ ಮೂಲಕ ೧೫೪ ಭಾರತೀಯ ವಿಮಾ ಕಂಪನಿಗಳು, ೧೬ ವಿದೇಶಿ ಕಂಪನಿಗಳು ಮತ್ತು ೭೫ ಪ್ರಾವಿಡೆಂಟ್ ಸಂಘಗಳ ಆಡಳಿತ ಸರ್ಕಾರದ ವಶಕ್ಕೆ ಬಂದಿತು. ೧೯೫೬ರ ಸೆಪ್ಟೆಂಬರ್ ೧ರಂದು ೫ ಕೋಟಿ ರೂಪಾಯಿ ಬಂಡವಾಳದೊಡನೆ ಭಾರತೀಯ ಜೀವವಿಮಾ ನಿಗಮ ಅಸ್ತಿತ್ವಕ್ಕೆ ಬಂದಿತು. ರಾಷ್ಟ್ರೀಕರಣ ಫಿರೋಜರ ಒಂದು ಭಾಷಣದ ಫಲವೆಂದು ಹೇಳುವುದು ಅತಿಶಯೋಕ್ತಿ. ಆ ವಿಚಾರ ಮೊದಲೇ ಚರ್ಚೆಯಲ್ಲಿತ್ತು. ಆದರೆ ಅದಕ್ಕೆ ಬೇಕಾಗಿದ್ದ ಸಾರ್ವಜನಿಕ ಸಮರ್ಥನೆಯನ್ನು ಒದಗಿಸಿದ್ದು ಆ ಭಾಷಣವೆಂಬುದರಲ್ಲಿ ಅನುಮಾನವಿಲ್ಲ.

ಫಿರೋಜ್ ಗಾಂಧಿ ಕಾಯಿದೆ

ಸಂವಿಧಾನದ ೧೦೫ನೆಯ ವಿಧಿಯ ಪ್ರಕಾರ ಸಂಸತ್ತಿನಲ್ಲಿ ಆಡಿದ ಮಾತಿಗಾಗಿ ಸದಸ್ಯರ ಮೇಲೆ ನ್ಯಾಯಾಲಯದಲ್ಲಿ ಮೊಕದ್ದಮೆ ಹೂಡುವಂತಿಲ್ಲ. ಸದನದ ಅಧಿಕಾರದಡಿ ಪ್ರಕಟವಾಗುವ ವರದಿಗಳಿಗೂ ಈ ರಕ್ಷಣೆಯಿದೆ. ಆದರೆ ಅದೇ ಮಾತನ್ನು ಮರುದಿನ ಅಚ್ಚು ಮಾಡುವ ಪತ್ರಿಕೆಗೆ ಇಂತಹ ಸ್ಪಷ್ಟ ರಕ್ಷಣೆ ಇರಲಿಲ್ಲ. ಸದನದಲ್ಲಿ ಹೆಸರಿಸಲ್ಪಟ್ಟ ಉದ್ಯಮಿಯೊಬ್ಬ ಪತ್ರಿಕೆಯ ಸಂಪಾದಕನನ್ನು ನ್ಯಾಯಾಲಯಕ್ಕೆ ಎಳೆಯಬಹುದಾಗಿತ್ತು. ಹೀಗಾದಾಗ ಸದಸ್ಯನ ವಾಕ್ ಸ್ವಾತಂತ್ರ್ಯ ಸದನದ ನಾಲ್ಕು ಗೋಡೆಗಳ ನಡುವೆಯೇ ಉಳಿಯುತ್ತದೆ; ಮತ ನೀಡಿದ ಜನರಿಗೆ ಅದು ತಲುಪುವುದಿಲ್ಲ.

ಈ ಕೊರತೆಯನ್ನು ನೀಗಿಸಲು ಫಿರೋಜ್ ಖಾಸಗಿ ಸದಸ್ಯರ ಮಸೂದೆಯೊಂದನ್ನು ಮಂಡಿಸಿದರು. ಅದು ಸಂಸತ್ತಿನ ಕಲಾಪಗಳ (ಪ್ರಕಟಣೆಯ ರಕ್ಷಣೆ) ಕಾಯಿದೆ, ೧೯೫೬ ಎಂಬ ಹೆಸರಿನಲ್ಲಿ ಅಂಗೀಕಾರವಾಯಿತು. ಕಲಾಪಗಳ ವರದಿ ಸಾರಾಂಶದಲ್ಲಿ ಸತ್ಯವಾಗಿದ್ದು, ದುರುದ್ದೇಶವಿಲ್ಲದೆ ಸಾರ್ವಜನಿಕ ಹಿತಕ್ಕಾಗಿ ಪ್ರಕಟವಾಗಿದ್ದರೆ ಅದರ ಬಗ್ಗೆ ಸಿವಿಲ್ ಅಥವಾ ಕ್ರಿಮಿನಲ್ ಕ್ರಮ ಜರುಗಿಸುವಂತಿಲ್ಲ ಎಂಬುದು ಇದರ ತಿರುಳು. ಸರ್ಕಾರದ ಮಸೂದೆಗಳೇ ಕಾಯಿದೆಯಾಗುವುದು ರೂಢಿಯಾಗಿರುವ ಭಾರತದ ಸಂಸತ್ತಿನಲ್ಲಿ ಖಾಸಗಿ ಸದಸ್ಯರ ಮಸೂದೆಗಳು ಕಾಯಿದೆಯಾಗಿರುವುದು ಬೆರಳೆಣಿಕೆಯಷ್ಟು ಸಂದರ್ಭಗಳಲ್ಲಿ ಮಾತ್ರ. ಅವುಗಳಲ್ಲಿ ಇದೂ ಒಂದು. ಜನಬಳಕೆಯಲ್ಲಿ ಇದು ಫಿರೋಜ್ ಗಾಂಧಿ ಕಾಯಿದೆ ಎಂದೇ ಪ್ರಸಿದ್ಧ.

ಈ ಕಾಯಿದೆಯ ಮುಂದಿನ ಕಥೆಯೂ ಗಮನಾರ್ಹವಾದದ್ದು. ತುರ್ತು ಪರಿಸ್ಥಿತಿಯ ಕಾಲದಲ್ಲಿ, ೧೯೭೫ರ ಡಿಸೆಂಬರ್‌ನಲ್ಲಿ, ಸುಗ್ರೀವಾಜ್ಞೆಯ ಮೂಲಕ ಇದನ್ನು ರದ್ದುಗೊಳಿಸಲಾಯಿತು. ಆಗ ಪ್ರಧಾನಮಂತ್ರಿಯಾಗಿದ್ದವರು ಇಂದಿರಾ ಗಾಂಧಿ. ಪತಿಯ ಹೆಸರಿನ ಕಾಯಿದೆ ಪತ್ನಿಯ ಸರ್ಕಾರದ ಕೈಯಲ್ಲಿಯೇ ಇಲ್ಲವಾಯಿತು. ೧೯೭೭ರಲ್ಲಿ ಜನತಾ ಸರ್ಕಾರ ಇದನ್ನು ಮರಳಿ ಜಾರಿಗೆ ತಂದಿತು. ಅಷ್ಟಕ್ಕೇ ನಿಲ್ಲದೆ, ೪೪ನೆಯ ತಿದ್ದುಪಡಿಯ ಮೂಲಕ ಇದರ ತತ್ತ್ವವನ್ನು ೩೬೧ಎ ವಿಧಿಯಾಗಿ ಸಂವಿಧಾನದಲ್ಲಿಯೇ ಸೇರಿಸಲಾಯಿತು. ರಾಜ್ಯ ವಿಧಾನಮಂಡಲಗಳ ಕಲಾಪದ ವರದಿಗಳಿಗೂ ಇದರಿಂದ ರಕ್ಷಣೆ ದೊರೆಯಿತು. ಇಂದು ಕರ್ನಾಟಕದ ವಿಧಾನಸಭೆಯ ಚರ್ಚೆಯನ್ನು ಕನ್ನಡ ಪತ್ರಿಕೆಗಳು ನಿರ್ಭಯವಾಗಿ ವರದಿ ಮಾಡುವುದರ ಹಿಂದೆಯೂ ಈ ವಿಧಿಯ ಬೆಂಬಲವಿದೆ.

ಮುಂಧ್ರಾ ಪ್ರಕರಣ

ಜೀವವಿಮಾ ನಿಗಮ ಸ್ಥಾಪನೆಯಾಗಿ ಒಂದು ವರ್ಷ ತುಂಬುವ ಮೊದಲೇ, ಖಾಸಗಿ ಮಾಲೀಕರಿಂದ ರಕ್ಷಿಸಲೆಂದು ಸರ್ಕಾರದ ಕೈಗೆ ಒಪ್ಪಿಸಿದ್ದ ಅದೇ ಹಣ ದುರ್ಬಳಕೆಯಾದ ಸುದ್ದಿ ಹೊರಬಿದ್ದಿತು. ಹರಿದಾಸ್ ಮುಂಧ್ರಾ ಕಲ್ಕತ್ತೆಯ ಷೇರು ವ್ಯಾಪಾರಿ. ಸಾಲದ ಹಣದಿಂದ ಕಂಪನಿಯ ಮೇಲೆ ಕಂಪನಿಯನ್ನು ಕೊಂಡು, ೧೯೫೭ರ ವೇಳೆಗೆ ಸಾಲದ ಸುಳಿಯಲ್ಲಿ ಸಿಲುಕಿದ್ದರು. ಆ ವರ್ಷದ ಜೂನ್ ಕೊನೆಯ ವಾರದಲ್ಲಿ ಜೀವವಿಮಾ ನಿಗಮವು ಅವರ ಹಿಡಿತದಲ್ಲಿದ್ದ ಆರು ಕಂಪನಿಗಳ ಷೇರುಗಳನ್ನು ಸುಮಾರು ೧ ಕೋಟಿ ೨೪ ಲಕ್ಷ ರೂಪಾಯಿಗೆ ಕೊಂಡಿತು. ರಿಚರ್ಡ್‌ಸನ್ ಕ್ರಡ್ಡಾಸ್, ಜೆಸಪ್, ಸ್ಮಿತ್ ಸ್ಟ್ಯಾನಿಸ್ಟ್ರೀಟ್, ಆಸ್ಲರ್ ಲ್ಯಾಂಪ್, ಏಂಜಲೋ ಬ್ರದರ್ಸ್ ಮತ್ತು ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಆ ಕಂಪನಿಗಳು. ಹೂಡಿಕೆಯ ವಿಷಯದಲ್ಲಿ ಸಲಹೆ ನೀಡಬೇಕಾಗಿದ್ದ ನಿಗಮದ ಹೂಡಿಕೆ ಸಮಿತಿಯನ್ನು ಖರೀದಿಗೆ ಮೊದಲು ಕೇಳಿರಲಿಲ್ಲ.

ಪತ್ರಿಕೆಗಳಲ್ಲಿ ಸುದ್ದಿ ಕಾಣಿಸಿಕೊಂಡ ಮೇಲೆ ೧೯೫೭ರ ಸೆಪ್ಟೆಂಬರ್ ೪ರಂದು ರಾಮ್ ಸುಭಗ್ ಸಿಂಗ್ ಅವರು ಲೋಕಸಭೆಯಲ್ಲಿ ಇದರ ಬಗ್ಗೆ ಪ್ರಶ್ನೆ ಕೇಳಿದರು. ದೊರೆತ ಉತ್ತರ ಅಪೂರ್ಣವಾಗಿತ್ತು. ನವೆಂಬರ್‌ನಲ್ಲಿ ವಿಷಯ ಪುನಃ ಪ್ರಶ್ನೋತ್ತರ ಕಲಾಪಕ್ಕೆ ಬಂದಿತು. ಒಂದೊಂದು ಉತ್ತರವೂ ಹೊಸ ಅನುಮಾನಕ್ಕೆ ಎಡೆಮಾಡಿಕೊಟ್ಟಿತೇ ವಿನಾ ವಿಷಯ ಮುಗಿಯಲಿಲ್ಲ. ಡಿಸೆಂಬರ್ ೧೬ರಂದು ನಡೆದ ಚರ್ಚೆಯಲ್ಲಿ ಫಿರೋಜ್ ಗಾಂಧಿ ತಮ್ಮ ವಾದವನ್ನು ಮಂಡಿಸಿದರು.

ಅವರ ವಾದದ ಕ್ರಮ ಸರಳವಾಗಿತ್ತು. ಕುಸಿಯುತ್ತಿದ್ದ ಷೇರುಪೇಟೆಯನ್ನು ಸ್ಥಿರಗೊಳಿಸಲು ಈ ಖರೀದಿ ನಡೆಯಿತೆಂಬುದು ಸರ್ಕಾರದ ಕಡೆಯ ಸಮಜಾಯಿಷಿ. ಹಾಗಿದ್ದರೆ ಪೇಟೆಯಲ್ಲಿ ಬಹಿರಂಗವಾಗಿ, ಹಲವು ಕಂಪನಿಗಳ ಷೇರುಗಳನ್ನು ಕೊಳ್ಳಬೇಕಾಗಿತ್ತು. ಒಬ್ಬನೇ ವ್ಯಕ್ತಿಯಿಂದ, ಅವನದೇ ಕಂಪನಿಗಳ ಷೇರುಗಳನ್ನು, ಪೇಟೆಯ ಹೊರಗೆ ಮಾತುಕತೆಯ ಮೂಲಕ ಕೊಂಡರೆ ಸ್ಥಿರಗೊಳ್ಳುವುದು ಆ ವ್ಯಕ್ತಿಯೇ ಹೊರತು ಪೇಟೆಯಲ್ಲ. ಇದಲ್ಲದೆ, ಖರೀದಿಗೆ ಸ್ವಲ್ಪ ಮುಂಚೆ ಈ ಷೇರುಗಳ ದರ ಏರಿತ್ತೆಂಬುದನ್ನೂ, ನಿಗಮ ಆ ಏರಿದ ದರವನ್ನೇ ತೆತ್ತಿತೆಂಬುದನ್ನೂ ಅವರು ದರಪಟ್ಟಿಗಳ ಆಧಾರದಿಂದ ತೋರಿಸಿದರು. ಹಣಕಾಸು ಇಲಾಖೆಯ ಆಂತರಿಕ ಪತ್ರವ್ಯವಹಾರದ ವಿವರಗಳೂ ಅವರ ಕೈಸೇರಿದ್ದವು. ಹಣ ಸರ್ಕಾರದ್ದಲ್ಲ, ಲಕ್ಷಾಂತರ ಸಾಮಾನ್ಯ ಪಾಲಿಸಿದಾರರದು. ಅದನ್ನು ಸಂಸತ್ತಿನ ಸೃಷ್ಟಿಯಾದ ಸಂಸ್ಥೆಯೊಂದು ಹೀಗೆ ಬಳಸಿದಾಗ ಲೆಕ್ಕ ಕೇಳುವುದು ಸಂಸತ್ತಿನ ಕರ್ತವ್ಯ ಎಂಬುದು ಅವರ ನಿಲುವಿನ ಸಾರ. ಎದುರಿಗೆ ಕುಳಿತಿದ್ದ ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ಅವರು ನೆಹರು ಅವರ ಆಪ್ತ ಸಹೋದ್ಯೋಗಿ.

ಚಾಗ್ಲಾ ಆಯೋಗ

ಸರ್ಕಾರ ವಿಚಾರಣೆಗೆ ಒಪ್ಪಬೇಕಾಯಿತು. ಮುಂಬಯಿ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಚಾಗ್ಲಾ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ಚಾಗ್ಲಾ ವಿಚಾರಣೆಯನ್ನು ಬಹಿರಂಗವಾಗಿ ನಡೆಸಿದರು. ಮುಂಬಯಿಯಲ್ಲಿ ಸ್ಥಳ ಸಾಲದೆ ಹೊರಗೆ ನಿಂತ ಜನರಿಗೆ ಕೇಳಿಸುವಂತೆ ಧ್ವನಿವರ್ಧಕಗಳನ್ನು ಹಾಕಲಾಗಿತ್ತು. ಮಂತ್ರಿ, ಹಣಕಾಸು ಇಲಾಖೆಯ ಪ್ರಧಾನ ಕಾರ್ಯದರ್ಶಿ ಎಚ್. ಎಂ. ಪಟೇಲ್, ರಿಸರ್ವ್ ಬ್ಯಾಂಕಿನ ಗವರ್ನರ್ ಎಚ್. ವಿ. ಆರ್. ಅಯ್ಯಂಗಾರ್ ಮುಂತಾದವರು ಸಾಕ್ಷ್ಯ ನೀಡಿದರು. ಅಟಾರ್ನಿ ಜನರಲ್ ಎಂ. ಸಿ. ಸೆಟಲ್ವಾಡ್ ಆಯೋಗದ ಮುಂದೆ ಹಾಜರಾದರು. ಮಂತ್ರಿಯ ಸಾಕ್ಷ್ಯಕ್ಕೂ ಅಧಿಕಾರಿಗಳ ಸಾಕ್ಷ್ಯಕ್ಕೂ ತಾಳೆಯಾಗದಿದ್ದುದು ಎಲ್ಲರೆದುರು ಬಯಲಾಯಿತು.

ಕೆಲವೇ ವಾರಗಳಲ್ಲಿ ಕೆಲಸ ಮುಗಿಸಿದ ಚಾಗ್ಲಾ ೧೯೫೮ರ ಫೆಬ್ರವರಿ ೧೦ರಂದು ವರದಿ ಸಲ್ಲಿಸಿದರು. ಪೇಟೆಯನ್ನು ಸ್ಥಿರಗೊಳಿಸುವ ಸಮಜಾಯಿಷಿಯನ್ನು ವರದಿ ಒಪ್ಪಲಿಲ್ಲ. ತನ್ನ ಕಾರ್ಯದರ್ಶಿಯ ಕೃತ್ಯಕ್ಕೆ ಮಂತ್ರಿ ಸಂವಿಧಾನಾತ್ಮಕವಾಗಿ ಹೊಣೆಗಾರನೇ ಹೊರತು, ಅಧಿಕಾರಿಯನ್ನು ಮುಂದೆ ಮಾಡಿ ತಾನು ಪಾರಾಗುವಂತಿಲ್ಲ ಎಂಬ ತೀರ್ಮಾನ ಅದರ ಮುಖ್ಯ ಭಾಗ. ಜೀವವಿಮಾ ನಿಗಮ ಕಾಯಿದೆಯ ೨೧ನೆಯ ಪ್ರಕರಣದ ಪ್ರಕಾರ ಸರ್ಕಾರ ನಿಗಮಕ್ಕೆ ನೀತಿಯ ವಿಷಯದಲ್ಲಿ ನಿರ್ದೇಶನ ನೀಡಬಹುದು, ಆದರೆ ಅದು ಲಿಖಿತವಾಗಿರಬೇಕು. ಮುಂಧ್ರಾ ವ್ಯವಹಾರದಲ್ಲಿ ಎಲ್ಲವೂ ಬಾಯಿಮಾತಿನಲ್ಲಿಯೇ ನಡೆದಿತ್ತು. ಸ್ವಾಯತ್ತ ನಿಗಮಗಳ ದೈನಂದಿನ ಕಾರ್ಯದಲ್ಲಿ ಸರ್ಕಾರ ಕೈಹಾಕಬಾರದು, ಹಾಕಲೇಬೇಕಾದರೆ ಬರಹದಲ್ಲಿರಲಿ, ಸಂಸತ್ತಿಗೆ ನಿಜವನ್ನು ಆದಷ್ಟು ಬೇಗ ತಿಳಿಸಬೇಕು ಎಂದು ವರದಿ ಸೂಚಿಸಿತು.

ಕೃಷ್ಣಮಾಚಾರಿ ರಾಜೀನಾಮೆ ನೀಡಿದರು. ಫೆಬ್ರವರಿ ೧೮ರಂದು ಅದು ಅಂಗೀಕಾರವಾಯಿತು. ಆ ವರ್ಷದ ಆಯವ್ಯಯವನ್ನು ನೆಹರು ಅವರೇ ಮಂಡಿಸಬೇಕಾಯಿತು. ಮುಂಧ್ರಾ ಜೈಲು ಸೇರಿದರು. ಕೃಷ್ಣಮಾಚಾರಿ ೧೯೬೨ರಲ್ಲಿ ಸಂಪುಟಕ್ಕೆ ಮರಳಿ, ಪುನಃ ಹಣಕಾಸು ಮಂತ್ರಿಯೂ ಆದರು. ಎಚ್. ಎಂ. ಪಟೇಲ್ ಸೇವೆಯಿಂದ ಹೊರಬಂದು ರಾಜಕೀಯ ಪ್ರವೇಶಿಸಿ, ೧೯೭೭ರ ಜನತಾ ಸರ್ಕಾರದಲ್ಲಿ ಅದೇ ಹಣಕಾಸು ಇಲಾಖೆಯ ಮಂತ್ರಿಯಾದದ್ದು ಈ ಪ್ರಕರಣದ ವಿಚಿತ್ರ ಉತ್ತರಕಾಂಡ.

ಕೊನೆಯ ವರ್ಷಗಳು

೧೯೫೭ರ ಚುನಾವಣೆಯಲ್ಲಿ ರಾಯ್‌ಬರೇಲಿಯಿಂದ ಮರು ಆಯ್ಕೆಯಾಗಿದ್ದ ಫಿರೋಜ್ ಮುಂಧ್ರಾ ಪ್ರಕರಣದ ನಂತರವೂ ಸುಮ್ಮನಾಗಲಿಲ್ಲ. ಟಾಟಾ ಸಂಸ್ಥೆಯ ಟೆಲ್ಕೊ ಕಾರ್ಖಾನೆ ರೈಲ್ವೆಗೆ ಮಾರುತ್ತಿದ್ದ ಎಂಜಿನುಗಳ ಬೆಲೆ ಜಪಾನಿ ಎಂಜಿನುಗಳ ಬೆಲೆಗಿಂತ ಬಹಳ ಹೆಚ್ಚೆಂದು ತೋರಿಸಿ, ಅದರ ರಾಷ್ಟ್ರೀಕರಣಕ್ಕೆ ಒತ್ತಾಯಿಸಿದರು. ಟಾಟಾ ಮನೆತನವೂ ಪಾರ್ಸಿಯಾದ್ದರಿಂದ ಇದು ಅವರ ಸ್ವಂತ ಸಮುದಾಯದಲ್ಲಿ ಅಸಮಾಧಾನಕ್ಕೆ ಕಾರಣವಾಯಿತು. ೧೯೫೮ರಲ್ಲಿ ಸ್ಥಾಪನೆಯಾದ ಸಾರ್ವಜನಿಕ ವಲಯದ ಇಂಡಿಯನ್ ರಿಫೈನರೀಸ್ ಕಂಪನಿಗೆ ಅವರು ಅಧ್ಯಕ್ಷರಾದರು. ಮರುವರ್ಷ ತೈಲ ಮಾರಾಟಕ್ಕಾಗಿ ಸ್ಥಾಪಿಸಿದ ಇಂಡಿಯನ್ ಆಯಿಲ್ ಕಂಪನಿಯ ಮೊದಲ ಅಧ್ಯಕ್ಷರು ಕರ್ನಾಟಕದ ಎಸ್. ನಿಜಲಿಂಗಪ್ಪನವರು. ಇವೆರಡೂ ೧೯೬೪ರಲ್ಲಿ ಒಂದುಗೂಡಿ ಇಂದಿನ ಇಂಡಿಯನ್ ಆಯಿಲ್ ಕಾರ್ಪೊರೇಷನ್ ಆಯಿತು.

೧೯೫೯ರಲ್ಲಿ ಇಂದಿರಾ ಗಾಂಧಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದಾಗ ಕೇರಳದ ಕಮ್ಯುನಿಸ್ಟ್ ಸರ್ಕಾರವನ್ನು ವಜಾ ಮಾಡಲಾಯಿತು. ಚುನಾಯಿತ ಸರ್ಕಾರವನ್ನು ಹೀಗೆ ಕಿತ್ತುಹಾಕುವುದನ್ನು ಫಿರೋಜ್ ಬಲವಾಗಿ ವಿರೋಧಿಸಿದರು. ದಾಂಪತ್ಯದಲ್ಲಿ ಆಗಲೇ ಇದ್ದ ಅಂತರಕ್ಕೆ ರಾಜಕೀಯದ ಭಿನ್ನಾಭಿಪ್ರಾಯವೂ ಸೇರಿತು.

೧೯೫೮ರಲ್ಲಿಯೇ ಅವರಿಗೆ ಒಮ್ಮೆ ಹೃದಯಾಘಾತವಾಗಿತ್ತು. ೧೯೬೦ರ ಸೆಪ್ಟೆಂಬರ್‌ನಲ್ಲಿ ಎದೆನೋವು ಕಾಣಿಸಿಕೊಂಡಾಗ ತಾವೇ ಕಾರು ನಡೆಸಿಕೊಂಡು ದೆಹಲಿಯ ವಿಲಿಂಗ್ಡನ್ ಆಸ್ಪತ್ರೆಗೆ ಹೋದರು. ಕೇರಳ ಪ್ರವಾಸದಲ್ಲಿದ್ದ ಇಂದಿರಾ ಧಾವಿಸಿ ಬಂದರು. ಸೆಪ್ಟೆಂಬರ್ ೮ರ ಬೆಳಿಗ್ಗೆ ಫಿರೋಜ್ ನಿಧನರಾದರು. ನಲವತ್ತೆಂಟು ತುಂಬಲು ನಾಲ್ಕು ದಿನ ಬಾಕಿಯಿತ್ತು. ನಿಗಮ್‌ಬೋಧ್ ಘಾಟಿನಲ್ಲಿ ಅಂತ್ಯಸಂಸ್ಕಾರ ನಡೆದು, ಚಿತಾಭಸ್ಮದ ಒಂದು ಭಾಗವನ್ನು ಅಲಹಾಬಾದಿನ ಪಾರ್ಸಿ ಸ್ಮಶಾನದಲ್ಲಿ ಇರಿಸಲಾಯಿತು.

ರಾಯ್‌ಬರೇಲಿಯಲ್ಲಿ ಇವರ ಹೆಸರಿನ ಕಾಲೇಜೊಂದಿದೆ. ಅದೇ ಜಿಲ್ಲೆಯ ಊಂಚಾಹಾರ್ ಉಷ್ಣ ವಿದ್ಯುತ್ ಸ್ಥಾವರಕ್ಕೂ ಇವರ ಹೆಸರನ್ನಿಡಲಾಗಿದೆ. ಇವರು ಪ್ರತಿನಿಧಿಸಿದ್ದ ಕ್ಷೇತ್ರದಿಂದ ೧೯೬೭ರಲ್ಲಿ ಇಂದಿರಾ ಗಾಂಧಿ ಲೋಕಸಭೆಗೆ ಆಯ್ಕೆಯಾದರು.